ಸಿಪ್ಪೆ ಇದ್ದ ಬಂಡೆ

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕಂಡಕ್ಟರ್ ನನ್ನ ಬ್ಯಾಗನ್ನು ಬಸ್ಸಿನೊಳಕ್ಕೆ ಎತ್ತಿಡಲು ಹೋದ. ಅದು ಅವನು ಎಣಿಸಿದಷ್ಟು ಸುಲಭಕ್ಕೆ ಮೇಲೇಳಲಿಲ್ಲ. "ಎಂತ ಮೇಡಂ, ಕಲ್ಲು ತುಂಬ್ಸಿದ್ರಾ?" ಎಂದು ನಕ್ಕ. "ಹೌದು" ಎಂದೆ. ಅವನಿಗೆ ಅದು ಇನ್ನೂ ದೊಡ್ಡ ತಮಾಷೆಯಾಗಿ ಕಂಡಿತು. ನನಗೆ ಸಿಟ್ಟು ಬಂದು ಅಲ್ಲೇ ಜಿಪ್ ಎಳೆದು ತೋರಿಸಿದೆ. ಮೇಲೆ ಊಟದ ಡಬ್ಬಿ, ಕೊಡೆ, ಕೆಳಗೆಲ್ಲ ಕಲ್ಲು. ಅವನ ನಗು ನಿಂತಿತು. ಹಿಂದಿನ ಸೀಟಿನ ಅಜ್ಜಿಯೊಬ್ಬರು ಇಣುಕಿ ನೋಡಿ, "ಪಾಪ, ಓದಿದೋರು" ಎಂದರು. ಆವತ್ತಿನಿಂದ ಆ ರೂಟಿನಲ್ಲಿ ನಾನು ಕಲ್ಲು ಟೀಚರ್.

ಆ ಹೆಸರಿನ ಮೇಲೆ ನನಗೆ ಬೇಸರವಿಲ್ಲ. ಇಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮೇಲೆ ಜನ ಇಟ್ಟ ಹೆಸರೊಂದು ಬೇಕಲ್ಲ. ಬೇಸರವಿದ್ದದ್ದು ಆ ಹೆಸರು ಹೇಳುವಾಗ ಬರುತ್ತಿದ್ದ ನಗುವಿನ ಮೇಲೆ. ಆ ನಗು ನಿಂತದ್ದು ಒಂದು ಬಾವಿಯ ದೆಸೆಯಿಂದ. ಅದರ ಕಥೆ ಹೇಳುವಾಗ ನನ್ನ ಮಾತಿನಲ್ಲಿ ಸ್ವಲ್ಪ ಜಂಬ ಕಂಡರೆ ಓದುವವರು ಕ್ಷಮಿಸಬೇಕು. ಕ್ಷಮಿಸದಿದ್ದರೂ ಹೇಳುತ್ತೇನೆ.

ಕಲ್ಲಿನ ಹುಚ್ಚು ನನಗೆ ಹಿಡಿದದ್ದು ನೆಮ್ಮಾರಿನಲ್ಲಿ, ಚಿಕ್ಕಂದಿನಲ್ಲಿ. ಅಮ್ಮ ಎಸ್ಟೇಟ್ ಕೆಲಸ ಮುಗಿಸಿ ತುಂಗೆಗೆ ಬಟ್ಟೆ ಒಗೆಯಲು ಹೋಗುವಾಗ ನಾನೂ ಬೆನ್ನಿಗೆ ಬೀಳುತ್ತಿದ್ದೆ. ಹೊಳೆಯ ಕಲ್ಲುಗಳೆಲ್ಲ ಉರುಟು ಉರುಟು. ನಮ್ಮ ಮನೆ ಹಿಂದಿನ ಗುಡ್ಡದ ಕಲ್ಲುಗಳೆಲ್ಲ ಮೊನೆ ಮೊನೆ. ಇದು ಯಾಕೆ ಹೀಗೆ ಎನ್ನುವುದು ನನ್ನ ತಲೆ ಕೊರೆಯುತ್ತಿತ್ತು.

"ಈ ಕಲ್ಲನ್ನ ಉರುಟು ಮಾಡಿದ್ದು ಯಾರಮ್ಮ?"

"ಹೊಳೆ."

"ಹೊಳೆಗೆ ಕೈ ಎಲ್ಲಿದೆ?"

"ಕಲ್ಲಿಗೆ ಕಲ್ಲು ತಾಗ್ಸಿ ತಾಗ್ಸಿ ಸವೆಸ್ತದೆ."

"ಸವೆದ ಚೂರು ಎಲ್ಲಿ ಹೋಯ್ತು ಹಂಗಾರೆ?"

ಅಮ್ಮ ನನ್ನ ಕಾಲಡಿ ಬೆರಳು ತೋರಿಸಿದಳು. ನಾನು ನಿಂತದ್ದು ಮರಳಿನ ಮೇಲೆ. "ಇನ್ನೊಂದು ಪ್ರಶ್ನೆ ಕೇಳಿದ್ಯೋ, ಈ ಕಂಬಳಿ ನೀನೇ ಹಿಂಡು" ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಒಂದು ಹಿಡಿ ಮರಳನ್ನು ಲಂಗದ ಜೇಬಿಗೆ ಹಾಕಿಕೊಂಡು ಮನೆಗೆ ತಂದು, ಬಿಸಿಲಿಗೆ ಹಿಡಿದು, ಅದರಲ್ಲಿ ಬಿಳಿಯದು ಯಾವುದು, ಕರಿಯದು ಯಾವುದು, ಹೊಳೆಯುವುದು ಯಾವುದು ಎಂದು ಬೇರೆ ಬೇರೆ ಮಾಡುತ್ತಾ ಕೂತೆ. ಹೊಳೆಯುವುದು ಕಾಗೆಬಂಗಾರ ಎಂದು ಅಮ್ಮನೇ ಹೇಳಿದ್ದು. ಬಿಳಿಯದು ಬೆಣಚುಕಲ್ಲು. ಎರಡು ದಪ್ಪ ಬೆಣಚುಕಲ್ಲು ಹಿಡಿದು ಕಂಬಳಿ ಮುಸುಕಿನೊಳಗೆ ಕೂತು ಒಂದಕ್ಕೊಂದು ಗಸಗಸ ತಿಕ್ಕಿದರೆ ಒಳಗೆ ಮಸುಕಾಗಿ ಬೆಳಕು ಏಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಹಗಲು ಹೊತ್ತಿನಲ್ಲಿ ಕಂಬಳಿ ಹೊದ್ದು ಕೂತವಳಿಗೆ ಜ್ವರ ಎಂದು ಅಮ್ಮ ಕಷಾಯ ಕಾಯಿಸಿದ್ದೂ ಉಂಟು.

ಶಾಲೆಯಲ್ಲಿ ಒಂದು ದಿನ ಎದ್ದು ನಿಂತು, "ಕಲ್ಲು ಹೆಂಗೆ ಹುಟ್ಟೋದು ಸಾರ್?" ಎಂದು ಕೇಳಿದೆ. "ದೇವರು ಹುಟ್ಟಿಸೋದು. ಕೂತ್ಕೋ" ಎಂದರು ಮೇಷ್ಟ್ರು. ದೇವರ ಮೇಲೆ ನನಗೆ ಸಿಟ್ಟು ಬರಲಿಲ್ಲ. "ಕೂತ್ಕೋ" ಎಂದದ್ದಕ್ಕೆ ಬಂದ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಟೀಚರ್ ಆಗಬೇಕು, ಯಾರಿಗೂ ಕೂತ್ಕೋ ಎನ್ನಬಾರದು ಎಂದು ಆವತ್ತೇ ಹಟ ಹಿಡಿದೆ. ಟೀಚರ್ ಆದೆ.

ಮೊದಲು ಕೆಲಸ ಸಿಕ್ಕಿದ್ದು ಮೇಗುಂದದ ಕಡೆ. ಅಲ್ಲಿದ್ದಾಗ ರಜೆಗೆ ಊರಿಗೆ ಹೋಗಿಬರುವುದು ಕೊಪ್ಪ–ಶೃಂಗೇರಿ ರಸ್ತೆಯಲ್ಲಿ. ಆಗ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಒಂದು ತಿರುವಿನಲ್ಲಿ ಗುಡ್ಡವನ್ನು ಗೋಡೆಯ ಹಾಗೆ ಕಡಿದು ದರೆ ಮಾಡಿದ್ದರು. ಆ ದರೆಯ ಹಸಿ ಮಣ್ಣಿನಲ್ಲಿ, ಲಾಡಿನ ಮಧ್ಯೆ ದ್ರಾಕ್ಷಿ ಕೂತಹಾಗೆ, ದೊಡ್ಡ ದೊಡ್ಡ ಉರುಟು ಬಂಡೆಗಳು ಕೂತಿದ್ದವು. ಹೊಳೆಯ ಕಲ್ಲು ಉರುಟಾಗುವುದು ನನಗೆ ಗೊತ್ತಿತ್ತು. ಹೊಳೆಯೇ ಇಲ್ಲದ ಗುಡ್ಡದ ಹೊಟ್ಟೆಯೊಳಗೆ ಇವನ್ನು ಉರುಟು ಮಾಡಿದವರು ಯಾರು? ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಸಾಕಾಗಿ ಒಂದು ದಿನ ನಡುದಾರಿಯಲ್ಲೇ ಇಳಿದುಬಿಟ್ಟೆ. ಹತ್ತಿರ ಹೋಗಿ ಮುಟ್ಟಿದರೆ ಬಂಡೆಯ ಮೇಲಿನ ಪದರ ಅಂಗೈಗೆ ಕಳಚಿ ಬಂತು. ಅದರಡಿಯಲ್ಲಿ ಇನ್ನೊಂದು ಪದರ, ಅದರಡಿಯಲ್ಲಿ ಮತ್ತೊಂದು. ಸುಲಿಯುತ್ತಾ ಹೋದಂತೆ ಗಟ್ಟಿ. ನಾನು ಮಳೆ ಹನಿಯುವುದನ್ನೂ ಮರೆತು ಬಂಡೆ ಸುಲಿಯುತ್ತಾ ನಿಂತೆ. ಮುಂದಿನ ಬಸ್ಸು ಸಿಕ್ಕಿದ್ದು ಸಂಜೆಗೆ.

ಕಾಲೇಜಿನ ದಪ್ಪ ಪುಸ್ತಕ ತರಿಸಿ ಓದಿದೆ. ನೆಲದಡಿಯ ಬಂಡೆಯಲ್ಲಿ ಅಡ್ಡ, ಉದ್ದ ಬಿರುಕುಗಳಿರುತ್ತವೆ. ಬಿರುಕಿಗೆ ಮಳೆ ನೀರು ಇಳಿಯುತ್ತದೆ. ನೀರು ಮುಟ್ಟಿದ ಕಡೆಯಿಂದ ಕಲ್ಲು ಕೊಳೆಯಲು ಶುರು. ಹೌದು, ಕಲ್ಲೂ ಕೊಳೆಯುತ್ತದೆ. ಮೂಲೆಗೆ ಎಲ್ಲ ದಿಕ್ಕಿನಿಂದಲೂ ನೀರು ತಾಗುವುದರಿಂದ ಮೂಲೆ ಮೊದಲು ಹೋಗುತ್ತದೆ. ಬೆಲ್ಲದ ಅಚ್ಚನ್ನು ನೀರಿಗೆ ಹಾಕಿ ನೋಡಿ: ಮೊದಲು ಕರಗುವುದು ಅದರ ಮೂಲೆ, ಆಮೇಲೆ ಅಂಚು, ಕೊನೆಗೆ ಉಳಿಯುವುದು ಉಂಡೆ. ಬಂಡೆಯ ಕಥೆಯೂ ಅದೇ. ಸುತ್ತಲಿನದೆಲ್ಲ ಕೊಳೆತು ಮಣ್ಣಾಗಿ, ನಡುವೆ ಉಳಿದ ಗಟ್ಟಿ ಉಂಡೆಯನ್ನು ನಮ್ಮ ಕಡೆ ಗುಂಡು ಎನ್ನುತ್ತಾರೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಅಲ್ಲಿಂದ ವರ್ಗವಾಗಿ ಬಂದದ್ದು ನರಸಿಂಹರಾಜಪುರ ತಾಲೂಕಿಗೆ, ಮುತ್ತಿನಕೊಪ್ಪದಿಂದ ಒಳಗೆ, ಗುಡ್ಡದ ಮೇಲಿನ ಒಂದು ಶಾಲೆಗೆ. ಗುಡ್ಡವೆಲ್ಲ ಜಂಬಿಟ್ಟಿಗೆ. ಮನೆ ಕಟ್ಟಲು ಕಡಿಯುವ ಆ ಕೆಂಪು, ತೂತು ತೂತು ಕಲ್ಲು. ಮಳೆಗಾಲದಲ್ಲಿ ಅಷ್ಟು ನೀರು ಸುರಿದರೂ ಆ ಗುಡ್ಡದ ನೆತ್ತಿಯಲ್ಲಿ ಒಂದು ಹನಿ ನಿಲ್ಲುವುದಿಲ್ಲ. ಪಂಚಾಯ್ತಿ ನಲ್ಲಿಯ ನೀರು ಅಷ್ಟು ಎತ್ತರ ಹತ್ತುವುದಿಲ್ಲ. ಬೋರು ಒಮ್ಮೆ ಕೊರೆಸಿದ್ದರಂತೆ, ಬಂದದ್ದು ಬಿಳಿ ಧೂಳು. ಹಾಗಾಗಿ ಶಾಲೆಗೆ ಬೇಕಾದ ನೀರೆಲ್ಲ ಕೆಳಗಿನ ಹಳ್ಳದಿಂದ ಬರಬೇಕು. ಅದನ್ನು ತರುತ್ತಿದ್ದವರು ಬಿಸಿಯೂಟದ ಅಕ್ಕ.

ಅಕ್ಕ ಎಂದರೆ ನನಗಿಂತ ಕೆಲವೇ ವರ್ಷ ದೊಡ್ಡವರು. ಮೊದಲು ತೋಟದ ಕೂಲಿಗೆ ಹೋಗುತ್ತಿದ್ದರು. ಆಮೇಲೆ ಈ ಅಡುಗೆಮನೆ ಅವರ ಕೈಗೆ ಬಂತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕೊಡಪಾನ, ಸೊಂಟದಲ್ಲಿ ಇನ್ನೊಂದು. ಆ ಏರಿನಲ್ಲಿ ಬರಿಗೈಲಿ ಹತ್ತಿದರೂ ನನಗೆ ಏದುಸಿರು. ಅವರು ಹತ್ತುತ್ತಾ ಕೆಳಗಿದ್ದವರ ಜೊತೆ ಜಗಳವನ್ನೂ ಆಡುತ್ತಿದ್ದರು. ಅವರ ಅಡುಗೆಮನೆಯಲ್ಲಿ ನೀರಿಗೆ ಇದ್ದ ಮರ್ಯಾದೆ ಹೆಡ್‌ಮಾಸ್ತರಿಗೂ ಇರಲಿಲ್ಲ. ಅಕ್ಕಿ ತೊಳೆದ ನೀರು ತಟ್ಟೆ ತೊಳೆಯಲು, ತಟ್ಟೆ ತೊಳೆದ ನೀರು ಬಸಳೆ ಬುಡಕ್ಕೆ. ಲೋಟದಲ್ಲಿ ನೀರು ಬಿಟ್ಟು ಎದ್ದ ಮಗುವನ್ನು ಮತ್ತೆ ಕರೆದು ಕುಡಿಸುತ್ತಿದ್ದರು. ಒಮ್ಮೆ ನಾನು ಕಲ್ಲು ತೊಳೆಯಲು ಒಂದು ಚೊಂಬು ತೆಗೆದುಕೊಂಡಾಗ ನೋಡಿದ ನೋಟ ಈಗಲೂ ನೆನಪಿದೆ.

"ಟೀಚ್ರೇ, ಕಲ್ಲಿಗೂ ಸ್ನಾನ ಮಾಡ್ಸ್ತೀರಾ?"

ನಮ್ಮಿಬ್ಬರಿಗೂ ದಿನಾ ಒಂದು ವಿಷಯಕ್ಕೆ ವಾದ. ಕಲ್ಲು ಬೆಳೆಯುತ್ತದೆ ಎನ್ನುವುದು ಅಕ್ಕನ ಪಕ್ಕಾ ನಂಬಿಕೆ. ಸಾಕ್ಷಿಗೆ ಬಾವುಟದ ಕಂಬದ ಹತ್ತಿರದ ಕಲ್ಲೊಂದನ್ನು ತೋರಿಸುತ್ತಿದ್ದರು. "ನಾನು ಬಂದಾಗ ಇದು ಇಷ್ಟೇ ಇಷ್ಟು ಇತ್ತು. ಈಗ ನೋಡಿ, ಕೂರ್ಬಹುದು." ಕಲ್ಲು ಬೆಳೆದದ್ದಲ್ಲ, ಸೂರಿನ ನೀರು ಬಿದ್ದು ಸುತ್ತಲಿನ ಮಣ್ಣು ತೊಳೆದು ಹೋದದ್ದು ಎಂದು ನಾನು ಹೇಳಿದೆ. ಮಕ್ಕಳನ್ನು ನಿಲ್ಲಿಸಿ, ಮಳೆಗಾಲದ ಮುಂಚೆ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಸಿದೆ. ಮಳೆಗಾಲ ಕಳೆದ ಮೇಲೆ ಗೆರೆಯ ಕೆಳಗೆ ಹೊಸದಾಗಿ ಒಂದು ಬೆರಳು ಕಲ್ಲು ಕಾಣುತ್ತಿತ್ತು. ಗೆರೆಯ ಮೇಲಿನದು ಇದ್ದಷ್ಟೇ ಇತ್ತು. "ನೋಡಿದ್ರಾ?" ಎಂದೆ ಗೆದ್ದವಳ ಹಾಗೆ. ಅಕ್ಕ ಬಗ್ಗಿ ನೋಡಿ, "ಹೌದಲ್ಲ! ಬುಡದಿಂದ ಬೆಳೀತದೆ" ಎಂದು ಒಲೆಯ ಕಡೆ ಹೊರಟರು. ಮಕ್ಕಳೆಲ್ಲ ನಕ್ಕರು. ನನಗೆ ಎರಡು ದಿನ ಸಿಟ್ಟಿತ್ತು.

ಬಂಡೆ ಉರುಟಾಗುವ ಪಾಠಕ್ಕೆ ಅವರ ಅಡುಗೆಮನೆಯಿಂದಲೇ ಬೆಲ್ಲ ತಂದೆ, ಈರುಳ್ಳಿ ತಂದೆ. ಬೆಲ್ಲ ಕರಗಿಸಿ ತೋರಿಸಿ, ಈರುಳ್ಳಿ ಸುಲಿದು ತೋರಿಸಿ, "ಬಂಡೆಗೂ ಹೀಗೇ ಸಿಪ್ಪೆ ಇರುತ್ತದೆ" ಎಂದೆ. ಅಕ್ಕ ಬಾಗಿಲಲ್ಲಿ ನಿಂತು ಪೂರ್ತಿ ಪಾಠ ಕೇಳಿದರು. ಕೊನೆಗೆ, "ಬಂಡೆ ಸುಲಿದ್ರೆ ಕಣ್ಣಲ್ಲಿ ನೀರು ಬರ್ತದಾ ಟೀಚ್ರೇ?" ಎಂದು ಕೇಳಿ, ಸುಲಿದ ಈರುಳ್ಳಿಯನ್ನು ಸಾಂಬಾರಿಗೆ ಎತ್ತಿಕೊಂಡು ಹೋದರು.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅಕ್ಕ ಜಗಳವಾಡದೆ ಏರು ಹತ್ತತೊಡಗಿದರು. ಕಾಲೆಳೆಯುತ್ತಿದ್ದರು. ಕೊಪ್ಪದ ಡಾಕ್ಟರು ಮಂಡಿ ನೋಡಿ, ಭಾರ ಹೊತ್ತು ಏರು ಹತ್ತಿದರೆ ಆಮೇಲೆ ಬರಿಗೈಲೂ ನಡೆಯಲಾಗದು ಎಂದಿದ್ದರಂತೆ. "ಈ ಬೇಸಿಗೆ ಒಂದು ಕಳೀಲಿ ಟೀಚ್ರೇ. ಮತ್ತೆ ನಂಗೆ ಆಗಲ್ಲ. ಬೇರೆ ಯಾರಾದ್ರೂ ಬರ್ಲಿ" ಎಂದರು. ಒಲೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು. ಬೇರೆ ಯಾರೂ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಅಡುಗೆಮನೆ ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ ಎಂದೂ ಗೊತ್ತಿತ್ತು.

ಬಾವಿ ತೋಡಿಸೋಣ ಎಂದು ಎದ್ದು ನಿಂತದ್ದು ನಾನು. ಶಾಲೆಯ ಸಮಿತಿಯ ಅಧ್ಯಕ್ಷರು ಅಡಿಕೆ ಬೆಳೆಗಾರರು, ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸಕ್ಕೂ ಮೊದಲು ಅದು ಆಗದಿರುವುದಕ್ಕೆ ಕಾರಣ ಹುಡುಕುವವರು. "ಬೋರಿಗೇ ನೀರು ಬರ್ಲಿಲ್ಲ, ಇನ್ನು ಬಾವಿಗೆ ಬರ್ತದಾ ಮೇಡಂ?" ಎಂದರು. ನಾನು ಸಭೆಯಲ್ಲಿ ಬೋರ್ಡಿನ ಮೇಲೆ ಗುಡ್ಡ ಬರೆದು ತೋರಿಸಿದೆ. ಮೇಲೆ ಜಂಬಿಟ್ಟಿಗೆ. ಅದು ಹುಟ್ಟಿದ್ದೇ ಮಳೆಯಿಂದ: ಹಳೆಯ ಬಂಡೆಯೊಳಗೆ ಕರಗುವುದನ್ನೆಲ್ಲ ಯುಗಗಟ್ಟಲೆ ಮಳೆ ತೊಳೆದು ಒಯ್ದಿತು, ಕರಗದ ಕಬ್ಬಿಣ ಉಳಿದು ತುಕ್ಕು ಹಿಡಿಯಿತು, ಅದಕ್ಕೇ ಕೆಂಪು, ಅದಕ್ಕೇ ತೂತು. ತೂತಿನಿಂದ ನೀರು ಕೆಳಗಿಳಿಯುತ್ತದೆ. ಅದರಡಿ ಗೋಡೆಗೆ ಬಳಿಯುವ ಶೇಡಿ ಮಣ್ಣು. ಅದರಡಿ ಅರೆ ಕೊಳೆತ ಕಲ್ಲಿನ ತರಿ, ಗರಸು. ಎಲ್ಲದರ ತಳದಲ್ಲಿ ಹಾಸುಬಂಡೆ. ಇಳಿದ ನೀರು ಬಂಡೆಯ ಮೇಲೆ ಗರಸಿನಲ್ಲಿ ನಿಂತಿರುತ್ತದೆ. ಬೋರಿನವರು ಆ ಮಣ್ಣೆಲ್ಲ ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಪೈಪು ಮಣ್ಣಿನ ಜೊತೆ ಅಲ್ಲಿಯ ನೀರನ್ನೂ ಹೊರಗೇ ನಿಲ್ಲಿಸುತ್ತದೆ. ಗುಡ್ಡದ ಬುಡದಲ್ಲಿ, ಶೇಡಿ ಮಣ್ಣು ಮುಗಿಯುವ ಕಡೆ, ಬೇಸಿಗೆಯಲ್ಲೂ ಒರತೆ ಜಿನುಗುವುದು ನಿಮಗೇ ಗೊತ್ತಲ್ಲ, ಆ ನೀರು ಎಲ್ಲಿಂದ ಬಂತು ಎಂದು ಕೇಳಿದೆ.

"ಟೀಚ್ರು ಹೇಳಿದ್ದು ಸರಿ ಇದ್ರೂ ಇರ್ಬಹುದು ಮಾರಾಯ" ಎಂದರು ಯಾರೋ. ತಂದೆತಾಯಂದಿರು ಸರದಿ ಮೇಲೆ ಬಂದು ಮಣ್ಣು ಹೊರುವುದು, ಬಾವಿ ತೋಡುವ ಮೇಸ್ತ್ರಿಯನ್ನು ಕರೆಸುವುದು ಎಂದು ತೀರ್ಮಾನವಾಯಿತು. ನನ್ನ ಮಾತಿನ ಮೇಲೆ ಅಷ್ಟು ಜನ ಪಿಕಾಸಿ ಹಿಡಿದರು.

ಮೇಸ್ತ್ರಿ ಬಾವಿಯಲ್ಲೇ ಆಯುಷ್ಯ ಕಳೆದವರು, ತೋಡುವ ಗುಂಡಿಯ ಹತ್ತಿರ ಚಪ್ಪಲಿ ಹಾಕಿಕೊಂಡು ಬರಲು ಯಾರನ್ನೂ ಬಿಡುತ್ತಿರಲಿಲ್ಲ. ಮೊದಲು ಜಂಬಿಟ್ಟಿಗೆ ಬಂತು. ಮೇಲಿನದು ಹಾರೆಗೂ ಜಗ್ಗುತ್ತಿರಲಿಲ್ಲ. ಕೆಳಗಿನದು ಕೊಡಲಿಗೆ ಕಡಿಯುವಷ್ಟು ಮೆತ್ತಗೆ. ಮೇಲೆ ತಂದು ಗಾಳಿಗಿಟ್ಟರೆ ಅದೂ ಗಟ್ಟಿ. ಯಾಕೆ ಎಂದು ಮಕ್ಕಳು ಕೇಳಿದರು, ಒಣಗಿದಂತೆಲ್ಲ ಅದರೊಳಗಿನ ಕಬ್ಬಿಣದ ಅಂಟು ಬಿಗಿಯುತ್ತದೆ ಎಂದೆ. ಆಮೇಲೆ ಶೇಡಿ ಬಂತು: ಬಿಳಿ, ನಸುಗೆಂಪು, ಅಲ್ಲಲ್ಲಿ ನೇರಳೆ. ನಾನು ಬೋರ್ಡಿನ ಮೇಲೆ ಬರೆದ ಕ್ರಮದಲ್ಲೇ ಬಂದಾಗ ನನ್ನ ನಡಿಗೆಯೇ ಬದಲಾಯಿತು ಎಂದು ಅಕ್ಕ ಛೇಡಿಸಿದರು. ದಿನವೂ ನೀರು ಹೊತ್ತು ತಂದು, ಕೊಡ ಇಳಿಸುವ ಮೊದಲು ಗುಂಡಿಯೊಳಗೆ ಇಣುಕಿ ನೋಡಿ ಒಳಗೆ ಹೋಗುತ್ತಿದ್ದರು. ಏಣಿಗೆ ಏಣಿ ಕಟ್ಟಿ ಇಳಿಯುವಷ್ಟು ಆಳವಾಯಿತು.

ಆಮೇಲೆ ಒಂದು ಮಧ್ಯಾಹ್ನ, ಊಟದ ಗಂಟೆಯ ಹೊತ್ತಿಗೆ, ಕೆಳಗಿನಿಂದ ಹಾರೆಯ ಸದ್ದು ಬೇರೆಯಾಗಿ ಕೇಳಿತು. ಬಂಡೆ.

ಮೇಸ್ತ್ರಿ ಸುತ್ತ ಬಿಡಿಸಿ ನೋಡಿದರು. ಗುಂಡಿಯ ತಳ ಹೆಚ್ಚುಕಡಿಮೆ ಪೂರ್ತಿ ಕಲ್ಲು. ಅಲ್ಲಲ್ಲಿ ಕುಟ್ಟಿ ಸದ್ದು ಕೇಳಿದರು. ನಮ್ಮ ಕಡೆ ಒಂದು ಪದ್ಧತಿಯಿದೆ: ತೋಡುವ ಬಾವಿಗೆ ಒಣ ಬಂಡೆ ಸಿಕ್ಕರೆ ಭೂಮಿ ಬೇಡ ಎಂದಿತು ಎಂದು ಲೆಕ್ಕ. ಹಾರೆಯನ್ನು ಅಡ್ಡ ಮಲಗಿಸಿ, ಗುಂಡಿಗೆ ಒಂದು ಕಾಯಿ ಒಡೆದು, ತೆಗೆದ ಮಣ್ಣನ್ನು ಮರುದಿನ ತಿರುಗಿ ತುಂಬುತ್ತಾರೆ. ಆಮೇಲೆ ಯಾರೂ ಅಲ್ಲಿ ಹಾರೆ ಹಾಕುವುದಿಲ್ಲ. ಮೇಸ್ತ್ರಿ ಮೇಲೆ ಬಂದು ಹಾರೆಯನ್ನು ಅಡ್ಡ ಮಲಗಿಸಿದರು.

"ಹಾಸುಬಂಡೆ. ಮುಗೀತು. ಒಂದು ಕಾಯಿ ತರ್ಸಿ."

ಎಲ್ಲರೂ ನನ್ನನ್ನು ನೋಡಿದರು. ಅಧ್ಯಕ್ಷರು "ನಾನು ಮೊದ್ಲೇ ಹೇಳಿದ್ದೆ" ಎನ್ನಲಿಲ್ಲ, ಆದರೆ ಅವರ ಇಡೀ ಮುಖ ಅದನ್ನೇ ಹೇಳುತ್ತಿತ್ತು. ಅಕ್ಕ ಬಡಿಸುವ ಸೌಟು ಹಿಡಿದೇ ಹೊರಗೆ ಬಂದವರು, ಮೇಸ್ತ್ರಿಯ ಮಾತು ಕೇಳಿ, ಅಲ್ಲೇ ನಿಂತರು. ನಾನು ತಪ್ಪಿದ್ದರೆ ಅಷ್ಟು ಜನರ ಬೆವರು ದಂಡ, ಅಕ್ಕನ ಮಂಡಿಯೂ ದಂಡ. ಆದರೆ ಮಣ್ಣಿನ ಬುಟ್ಟಿಯಲ್ಲಿ ಕೊನೆಗೆ ಮೇಲೆ ಬಂದಿದ್ದ ಕಲ್ಲಿನ ಚಕ್ಕೆಯೊಂದು ನನ್ನ ಕಾಲ ಹತ್ತಿರ ಬಿದ್ದಿತ್ತು. ಎತ್ತಿ ನೋಡಿದೆ. ತೆಳ್ಳಗಿತ್ತು, ಒಡೆದ ಮಡಕೆಯ ಚೂರಿನ ಹಾಗೆ ಬಾಗಿತ್ತು.

"ನಾನು ಒಮ್ಮೆ ಇಳಿದು ನೋಡ್ತೇನೆ" ಎಂದೆ.

ಮೇಸ್ತ್ರಿ ಬೇಡ ಎಂದು ತಲೆಯಾಡಿಸಿದರು. ತೋಡುವ ಬಾವಿಗೆ ಹೆಂಗಸರು ಇಳಿಯುವ ಕ್ರಮವಿಲ್ಲ ಎಂದರು. ಅಧ್ಯಕ್ಷರು, "ಎಂತಕ್ಕೆ ಮೇಡಂ ಸುಮ್ನೆ, ಬಿದ್ದುಗಿದ್ದು..." ಎಂದು ಶುರು ಮಾಡಿದರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಬಾಯಿಗೆ ಮಾತು ಬರುವ ಮೊದಲೇ ಅಕ್ಕನ ದನಿ ಬಂತು.

"ನೀರು ಹೊರೋಕೆ ಹೆಂಗಸ್ರು ಆಗ್ತದೆ. ಇಳಿಯೋಕೆ ಆಗಲ್ವಾ?"

ಸೌಟು ಇನ್ನೂ ಎತ್ತಿಯೇ ಇತ್ತು. ಮೇಸ್ತ್ರಿ ಏಣಿಯ ಮುಂದಿನಿಂದ ಪಕ್ಕಕ್ಕೆ ಸರಿದರು. ನಾನು ಸೆರಗು ಸಿಕ್ಕಿಸಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೆ. ಮೇಸ್ತ್ರಿಯೂ ಹಿಂದೆಯೇ ಇಳಿದರು.

ಕೆಳಗೆ ತಂಪು, ಹಸಿ ಶೇಡಿಯ ವಾಸನೆ. ಮೊಣಕಾಲೂರಿ ಬಂಡೆಯನ್ನು ಅಂಗೈಯಿಂದ ಸವರಿದೆ. ನಡುವೆ ಚಪ್ಪಟೆ. ಮೂಡು ಬದಿಗೆ ಹೋದಂತೆ ಸ್ವಲ್ಪ, ತೀರಾ ಸ್ವಲ್ಪ, ಇಳಿಜಾರು. ಗೋಡೆಯ ಬುಡದಲ್ಲಿ ಮಣ್ಣು ಕೆದಕಿದೆ. ಬೆರಳಿಗೆ ಒಂದು ಪದರ ಸಿಕ್ಕಿತು, ಎಳೆದರೆ ಕಳಚಿ ಬಂತು. ಅದರಡಿಯಲ್ಲಿ ಇನ್ನೊಂದು. ಪದರಗಳು ಗೋಡೆಯೊಳಕ್ಕೆ ನೇರ ಹೋಗಿರಲಿಲ್ಲ, ಬಗ್ಗಿ ಕೆಳಗಿಳಿದಿದ್ದವು. ಆ ರಸ್ತೆ ತಿರುವಿನಲ್ಲಿ ಮಳೆಯಲ್ಲಿ ನಿಂತು ಸುಲಿದದ್ದು ಇದನ್ನೇ. ನನಗೆ ಅಲ್ಲೇ ಕಿರುಚಬೇಕೆನಿಸಿತು.

"ಮೇಸ್ತ್ರೀ, ಇದು ಹಾಸುಬಂಡೆ ಅಲ್ಲ. ಗುಂಡು. ಇಲ್ಲಿ ಮುಟ್ಟಿ ನೋಡಿ, ಬಾಗ್ತಾ ಇದೆ."

"ಇಷ್ಟು ದೊಡ್ಡ ಗುಂಡು ಎಲ್ಲಿರ್ತದೆ ಮೇಡಂ?" ಎಂದರು. ಆದರೂ ಮುಟ್ಟಿ ನೋಡಿದರು. ಎರಡನೆಯ ಸಲವೂ ಮುಟ್ಟಿದರು. ಮನುಷ್ಯ ಹಟಮಾರಿ, ಆದರೆ ಕೈಗೆ ಸಿಕ್ಕಿದ್ದನ್ನು ಇಲ್ಲ ಎನ್ನುವವರಲ್ಲ. ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತು, "ಕಾಯಿ ನಾಳೆ ಒಡೆದ್ರೂ ಆಯ್ತು" ಎಂದರು.

ಮಾರನೆಯ ದಿನ ಬೆಳಿಗ್ಗೆಯಿಂದ ಮೂಡು ಬದಿಯನ್ನು ಅಗಲ ಮಾಡಿ ಕೆಳಕ್ಕೆ ಹೋದರು. ನಾನು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಕಿವಿಯೆಲ್ಲ ಬಾವಿಯ ಕಡೆ. ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಿಟಕಿಯ ಹತ್ತಿರ ಬಂದು ನಿಂತರು. ಅವರ ಕೈಯಲ್ಲಿ ಬಾಗಿದ ಕಲ್ಲಿನ ಚಕ್ಕೆಗಳಿದ್ದವು. ಮಕ್ಕಳ ಎದುರಿಗೇ ಅವನ್ನು ಒಂದರೊಳಗೊಂದು ಕೂರಿಸಿ ತೋರಿಸಿ, "ಈರುಳ್ಳಿ!" ಎಂದರು. ಕಲ್ಲಿನ ವಿಷಯದಲ್ಲಿ ಅವರು ನನ್ನ ಮಾತು ಒಪ್ಪಿದ್ದು ಅದೇ ಮೊದಲು. ನಾನು ಸೀಮೆಸುಣ್ಣ ಬಿಸಾಕಿ ಓಡಿದೆ. ಇಡೀ ತರಗತಿ ನನ್ನ ಹಿಂದೆ ಓಡಿತು.

ಮೇಲಿನಿಂದಲೇ ಕಾಣುತ್ತಿತ್ತು. ಬಂಡೆಯ ಬದಿ ಆನೆಯ ಹೊಟ್ಟೆಯ ಹಾಗೆ ಉಬ್ಬಿ, ಕೆಳಗೆ ಒಳಕ್ಕೆ ತಿರುಗಿತ್ತು. ಅದರಡಿಯಲ್ಲಿ ಕಲ್ಲಿರಲಿಲ್ಲ, ಗರಸಿತ್ತು, ಗರಸು ಒದ್ದೆಯಾಗಿತ್ತು. ಮೇಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿ, "ಗುಂಡೇ ಮಾರಾಯ್ತಿ!" ಎಂದು ಕೂಗಿದರು. ಮೇಡಂ ಎನ್ನುವುದು ಮರೆತು ಹೋಗಿತ್ತು. ನನಗೆ ಸರ್ಕಾರ ಪ್ರಶಸ್ತಿ ಕೊಟ್ಟಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಅಧ್ಯಕ್ಷರು ಕಾಯಿ ಹಿಡಿದುಕೊಂಡೇ ಬಂದಿದ್ದವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಅಕ್ಕನ ಕೈಗೆ ಕೊಟ್ಟರು. ಅಕ್ಕ ಆವತ್ತೇ ಚಟ್ನಿ ಮಾಡಿದರು.

ಗುಂಡನ್ನು ಒಡೆಯುವುದು ಸುಲಭವಾಗಲಿಲ್ಲ. ಸಾಲಾಗಿ ಸಣ್ಣ ತೂತು ಕೊರೆದು, ಕಬ್ಬಿಣದ ಬೆಣೆ ಹೊಡೆದು, ಒಂದೊಂದಕ್ಕೂ ಸರದಿಯಲ್ಲಿ ಸುತ್ತಿಗೆಯ ಏಟು ಹಾಕಿ, ಕಿವಿಗೊಟ್ಟು ಕೇಳುತ್ತಾ ದಿನಗಟ್ಟಲೆ ಕೂತರು. ಕೊನೆಗೆ ಬಂಡೆ ಬಿರಿದಾಗ ದೊಡ್ಡ ಸದ್ದೇನೂ ಆಗಲಿಲ್ಲ, ಬಟ್ಟೆ ಹರಿದಷ್ಟು ಸದ್ದು. ತುಂಡುಗಳನ್ನು ಚೈನು ಹಾಕಿ ಎಳೆದರು. ಒಳಮೈ ಹೊಚ್ಚ ಹೊಸದಾಗಿತ್ತು: ಕಪ್ಪು ಬಿಳಿ ಪಟ್ಟೆ, ನಡುನಡುವೆ ಕಾಗೆಬಂಗಾರದ ಮಿಂಚು. ಅದು ಹುಟ್ಟಿದ ಮೇಲೆ ಮೊದಲ ಸಲ ಬಿಸಿಲು ಕಂಡದ್ದು ಎಂದು ಮಕ್ಕಳಿಗೆ ಹೇಳಿದೆ. ಎಲ್ಲರೂ ಸರದಿಯಲ್ಲಿ ಮುಟ್ಟಿದರು. ದೊಡ್ಡದೊಂದು ತುಂಡು ಈಗ ಬಾವಿಯ ಪಕ್ಕದಲ್ಲಿ ಪಾತ್ರೆ ತೊಳೆಯುವ ಕಲ್ಲಾಗಿದೆ.

ಗುಂಡು ಎದ್ದ ಜಾಗದಲ್ಲಿ, ಗರಸಿನ ಸುತ್ತಲಿಂದ ನೀರು ಬಂತು. ಮೊದಲು ಬೆವರಿನ ಹಾಗೆ, ಆಮೇಲೆ ನೂಲಿನ ಹಾಗೆ. ಮೇಸ್ತ್ರಿ ಕಾಲಿನ ಕೆಸರು ತೊಳೆಯದೆಯೇ ಮೇಲೆ ಬಂದು ಬೀಡಿ ಹಚ್ಚಿದರು. ಆಮೇಲೆ ಎಲ್ಲಿಗೆ ಬಾವಿ ತೋಡಲು ಹೋದರೂ ಬಂಡೆ ಸಿಕ್ಕರೆ ಮೊದಲು ಸಿಪ್ಪೆ ಇದೆಯಾ ನೋಡುತ್ತಾರಂತೆ, "ಕಲ್ಲು ಟೀಚ್ರು ಕಲ್ಸಿದ್ದು" ಎನ್ನುತ್ತಾರಂತೆ. ನಗದೆ ಹೇಳುತ್ತಾರೆ ಎಂದು ಕೇಳಿದ್ದೇನೆ.

ನೀರು ಕದಡು ಇಳಿದು ತಿಳಿಯಾಗುವವರೆಗೆ ಕಾದೆವು. ಆ ದಿನ ಬೆಳಿಗ್ಗೆ ರಾಟೆ ಕಟ್ಟಿದ್ದರು. ಊರಿನವರು, ಮಕ್ಕಳು, ಅಧ್ಯಕ್ಷರು ಎಲ್ಲ ಬಾವಿಯ ಸುತ್ತ ನಿಂತಿದ್ದರು. ಮೊದಲ ಕೊಡ ಯಾರು ಸೇದಬೇಕು ಎಂದು ಯಾರೂ ಕೇಳಲಿಲ್ಲ. ಅಕ್ಕ ಮುಂದೆ ಬಂದು, ಹಗ್ಗ ಇಳಿಬಿಟ್ಟು, ನಿಧಾನಕ್ಕೆ ಸೇದಿದರು. ಕೊಡ ತುಂಬಿ ಬಂತು. ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟರು. ಸಮತಟ್ಟು ನೆಲ, ಏರಿಲ್ಲ, ಹತ್ತೇ ಹೆಜ್ಜೆಯ ದಾರಿ. ಅಂಗಳದ ನಡುವೆ ನಿಂತರು. ನಿಂತು, ಒಂದು ಸಲ ಕೊಡದೊಳಗೆ ನೋಡಿ, ಇಡೀ ಕೊಡವನ್ನು ನೆಲಕ್ಕೆ ಬಗ್ಗಿಸಿಬಿಟ್ಟರು.

ಮಕ್ಕಳು ಹೋ ಎಂದರು. ಲೋಟದ ತಳದಲ್ಲಿ ಗುಟುಕು ಬಿಟ್ಟದ್ದಕ್ಕೆ ಬೈಸಿಕೊಂಡ ಮಕ್ಕಳು ಅವರು. ಅಧ್ಯಕ್ಷರು ಕೈ ಜಾರಿತು ಎಂದುಕೊಂಡು ಓಡಿ ಹೋದರು.

"ಎಂತಾಯ್ತು ಅಕ್ಕಾ?" ಎಂದೆ ನಾನು.

"ಎಂತ ಇಲ್ಲ. ಒಂದ್ಸಲ ಚೆಲ್ಲಿ ನೋಡ್ಬೇಕಿತ್ತು" ಎಂದರು. ಕೆಂಪು ಮಣ್ಣಿನಲ್ಲಿ ನೀರು ಹರಿದು ಅವರ ಕಾಲ ಸುತ್ತ ನಿಂತಿತ್ತು. ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು, ತಡೆಯಲು ಹೋಗಲಿಲ್ಲ.

ಅಕ್ಕ ತಿರುಗಿ ಬಂದು ಎರಡನೆಯ ಕೊಡ ಸೇದಿ, ಅದನ್ನು ನನ್ನ ಕೈಗೆ ಕೊಟ್ಟರು. "ನೀವೂ ಚೆಲ್ಲಿ ಟೀಚ್ರೇ" ಎಂದರು. ನಾನು ಚೆಲ್ಲಿದೆ.